ದೊಡ್ಡಪ್ಪನ ಆಂಪ್ಲಿಫೈಯರ್

ಹಾಡು ಮುಗಿದ ಮೇಲೆ ಸೆಟ್ಟನ್ನು ಆರಿಸಬೇಕೋ, ಹಾಗೇ ಬಿಡಬೇಕೋ ಎಂಬುದು ವಡ್ಡು ಗ್ರಾಮದ ನಮ್ಮ ದೊಡ್ಡಪ್ಪನ ಮನೆಯಲ್ಲಿ ಹೊಲದ ಬದುವಿನ ತಕರಾರಿಗಿಂತ ಹೆಚ್ಚು ಕಾಲ ನಡೆದ ವ್ಯಾಜ್ಯ. ದೂರು ದೊಡ್ಡಮ್ಮನದು, ಸಮರ್ಥನೆ ದೊಡ್ಡಪ್ಪನದು. ವ್ಯಾಜ್ಯದ ಮೂಲ ಪಡಸಾಲೆಯಲ್ಲಿ ಕೂತ ಒಂದು ಆಂಪ್ಲಿಫೈಯರ್ ಮತ್ತು ಅದರ ಎಡಬಲದ ಸ್ಪೀಕರ್ ಡಬ್ಬಿಗಳು. ಅವುಗಳ ಮೇಲೆ ಸಂಡೂರು ಸೀಮೆಯ ಕೆಂಪು ಧೂಳು. ಧೂಳಿನ ಮೇಲೆ ದೊಡ್ಡಮ್ಮ ಕಸೂತಿ ಹಾಕಿದ ಬಟ್ಟೆ. ಬಟ್ಟೆಯ ಮೇಲೆ ಮತ್ತೆ ಧೂಳು.

ದೊಡ್ಡಪ್ಪ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿ ಫರ್ನೇಸ್ ಬಳಿ ದುಡಿದವರು. ಬ್ಲಾಸ್ಟ್ ಫರ್ನೇಸಿಗೆ ಒಮ್ಮೆ ಬೆಂಕಿ ಹಚ್ಚಿದರೆ ವರ್ಷಗಟ್ಟಲೆ ಆರಿಸುವಂತಿಲ್ಲ. ಯುಗಾದಿಯಿರಲಿ, ದೀಪಾವಳಿಯಿರಲಿ, ಮೂರೂ ಪಾಳಿಯಲ್ಲಿ ಅದಕ್ಕೆ ಅದಿರು, ಕೋಕ್ ಉಣಿಸುತ್ತಲೇ ಇರಬೇಕು. ತಣ್ಣಗಾದರೆ ಒಳಗಿನ ಕಬ್ಬಿಣ ಹೆಪ್ಪುಗಟ್ಟಿ ಕೂರುತ್ತದೆ. ಆ ನೀತಿಯನ್ನೇ ಅವರು ಮನೆಗೂ ತಂದರು. "ಕಾದ ಸಾಮಾನು ಕಾದಂಗೇ ಇರಬೇಕು. ಘಳಿಗಿಗೊಮ್ಮೆ ಆರಿಸಿ ಹಚ್ಚಿದ್ರ ಅದರ ಆಯುಷ್ಯ ಕಡಿಮಿ ಆಗತೈತಿ."

ಮಾತಿನಲ್ಲಿ ಅರ್ಧ ಸತ್ಯವಿತ್ತು. ವಾಲ್ವ್ ರೇಡಿಯೊಗಳ ಕಾಲದಲ್ಲಿ ಒಳಗಿನ ತಂತಿ ಕೆಂಪಗೆ ಕಾದ ಮೇಲಷ್ಟೇ ಧಾರವಾಡ ಕೇಂದ್ರದ ದನಿ ಹೊರಡುತ್ತಿತ್ತು. ತಣ್ಣಗಿದ್ದ ತಂತಿಗೆ ಒಮ್ಮೆಲೇ ಕರೆಂಟ್ ನುಗ್ಗಿದರೆ ಪೆಟ್ಟೂ ಬೀಳುತ್ತಿತ್ತು. ಆದರೆ ದೊಡ್ಡಪ್ಪನದು ಟ್ರಾನ್ಸಿಸ್ಟರ್ ಸೆಟ್ಟು. ಅದರ ಶತ್ರು ತಂಪಲ್ಲ, ಕಾವು. ಹತ್ತು ಡಿಗ್ರಿ ಶಾಖ ಏರಿದರೆ ಒಳಗಿನ ಕೆಪಾಸಿಟರ್‌ಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಕೆಲಸ ಬಲ್ಲವರ ಲೆಕ್ಕ. 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಕೇಳಬೇಕೆ?

ದೊಡ್ಡಮ್ಮನಿಗೆ ಕೆಪಾಸಿಟರ್ ಗೊತ್ತಿರಲಿಲ್ಲ, ಮೀಟರ್ ಗೊತ್ತಿತ್ತು. "ಹಾಡಂಗಿಲ್ಲ, ಮಾತಾಡಂಗಿಲ್ಲ, ಸುಮ್ಮನ ಕುಂತು ತಿಂತೈತ್ರಿ" ಎನ್ನುವಾಗ ಅವರ ಕಣ್ಣು ಆಂಪ್ಲಿಫೈಯರ್ ಮೇಲಿತ್ತೋ, ನಿವೃತ್ತರಾಗಿ ಮನೆ ಸೇರಿದ್ದ ದೊಡ್ಡಪ್ಪನ ಮೇಲಿತ್ತೋ ಹೇಳುವುದು ಕಷ್ಟ. ಲೆಕ್ಕವಂತೂ ಅವರ ಪರವಾಗಿಯೇ ಇತ್ತು: ಹಗಲೂ ರಾತ್ರಿ ಬರೀ 10 ವಾಟ್ ನುಂಗಿದರೂ ವರ್ಷಕ್ಕೆ ಸುಮಾರು 88 ಯೂನಿಟ್.

ಆ ಕಾವಿಗೆ ಫಲಾನುಭವಿಗಳೂ ಇದ್ದರು. ಹಿಂಬದಿಯ ಗಾಳಿಗಂಡಿಯಲ್ಲಿ ಒಂದು ಹಲ್ಲಿ, ಚಳಿಗಾಲದಲ್ಲಿ ಕಸೂತಿ ಬಟ್ಟೆಯ ಮೇಲೆ ಬೆಕ್ಕು. ನಡುರಾತ್ರಿ ಕರೆಂಟ್ ಹೋಗಿ ಬಂದರೆ ಸ್ಪೀಕರುಗಳು 'ಢಬ್' ಎನ್ನುತ್ತಿದ್ದವು. ಬೆಕ್ಕು ನೆಗೆಯುತ್ತಿತ್ತು. ದೊಡ್ಡಪ್ಪ ನಿದ್ದೆಯಲ್ಲೇ "ಬಂತು" ಎಂದು ಮಗ್ಗುಲು ಬದಲಿಸುತ್ತಿದ್ದರು. ದೊಡ್ಡಮ್ಮ ಎದ್ದು ಹೋಗಿ ಸ್ವಿಚ್ ಒತ್ತುತ್ತಿದ್ದರು. ಬೆಳಗ್ಗೆ ಹೊಸಪೇಟೆ ಆಕಾಶವಾಣಿ ಬಾಯಿ ತೆರೆಯುವ ಮೊದಲೇ ಆ ಪುಟ್ಟ ಕೆಂಪು ದೀಪ ಮತ್ತೆ ಹತ್ತಿರುತ್ತಿತ್ತು.

ದೊಡ್ಡಪ್ಪನಿಗೆ ಬೇಕಿದ್ದದ್ದು ಹಾಡೇ ಅಲ್ಲವೇನೋ ಎಂದು ಈಗ ಅನಿಸುತ್ತದೆ. ಫರ್ನೇಸಿನ ಮೊರೆತದ ಪಕ್ಕದಲ್ಲೇ ಆಯುಷ್ಯ ಸವೆಸಿದ ಕಿವಿಗೆ ಮನೆಯ ನಿಶ್ಶಬ್ದ ಒಗ್ಗುತ್ತಿರಲಿಲ್ಲ. ಹಾಡು ನಿಂತ ಮೇಲೂ ಸ್ಪೀಕರಿನೊಳಗೆ ಉಳಿಯುವ ಸಣ್ಣ 'ಗುಂಯ್' ಸದ್ದು ಅವರಿಗೆ, ಎಲ್ಲೋ ಏನೋ ಇನ್ನೂ ನಡೆಯುತ್ತಿದೆ ಎಂಬ ಧೈರ್ಯ. ಕಾರ್ಖಾನೆ ಅವರನ್ನು ಬಿಟ್ಟಿತ್ತು, ಪಾಳಿ ಬಿಟ್ಟಿರಲಿಲ್ಲ.

ಅವರು ತೀರಿಕೊಂಡ ಮೇಲೆ, 2023ರಲ್ಲಿ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂತು. ದೊಡ್ಡಮ್ಮನ ಮನೆಗೆ ಸೊನ್ನೆ ಬಿಲ್ಲು. ಇನ್ನು ಬೇಕಾದಷ್ಟು ಹೊತ್ತು ಹಾಡು ಕೇಳಬಹುದಲ್ಲ ಎಂದೆ. "ಬಿಲ್ಲೂ ಇಲ್ಲ, ಬಯ್ಯಾಕ ಅವ್ರೂ ಇಲ್ಲ. ಯಾರು ಹಚ್ಚಿದ್ದನ್ನ ಆರಿಸಬೇಕಪ್ಪ ನಾನು?" ಎಂದರು.

ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟೇ: ಕೇಳಿದ ಮೇಲೆ ಆರಿಸಿ, ಗುಡುಗಿದರೆ ಪ್ಲಗ್ಗನ್ನೇ ಕೀಳಿ. ಸೆಟ್ಟಿಗೆ ಅದೇ ಒಳ್ಳೆಯದು. ಆದರೆ ಮನೆಯಲ್ಲಿ ಹಚ್ಚುವವರೊಬ್ಬರು, ಆರಿಸುವವರೊಬ್ಬರು ಇದ್ದರೆ ನನ್ನ ಸಲಹೆಗೆ ಕಿವಿಗೊಡಬೇಡಿ. ಕೆಪಾಸಿಟರ್ ಕೆಟ್ಟರೆ ಕೆಡಲಿ. ಅದನ್ನು ಬದಲಿಸಿಕೊಡುವವರು ಹೊಸಪೇಟೆಯಲ್ಲಿ ಸಿಗುತ್ತಾರೆ.