ಶಕ್ತಿನಗರದ ಪದವಿನಲ್ಲಿ ಕಾಲ್ಚೆಂಡಿನ ಸಂಜೆ

ಮಂಗಳೂರಿಗೆ ಬಂದವರು ಮಂಗಳಾದೇವಿ, ಕದ್ರಿ, ಪಣಂಬೂರಿನ ಕಡಲು, ಪಿಲಿಕುಳ ಎಂದು ಸುತ್ತಿ, ಐಸ್‌ಕ್ರೀಂ ತಿಂದು, ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ. ನಮ್ಮ ಶಕ್ತಿನಗರವನ್ನೇ ನೋಡಬೇಕೆಂದು ಬಂದವರನ್ನು ನಾನು ಮದುವೆಯಾಗಿ ಇಲ್ಲಿಗೆ ಬಂದ ಈ ಹದಿನೆಂಟು ವರ್ಷಗಳಲ್ಲಿ ಕಂಡಿಲ್ಲ. ಬಂದರೆ ವಿಶ್ವ ಕೊಂಕಣಿ ಕೇಂದ್ರದ ಸಭೆಗೋ, ಕಲಾಂಗಣದ ಸಂಗೀತಕ್ಕೋ, ಗೋಪಾಲಕೃಷ್ಣ ದೇವಸ್ಥಾನಕ್ಕೋ ಬರುತ್ತಾರೆ. ಕಾರ್ಯಕ್ರಮ ಮುಗಿದ ಕೂಡಲೇ ಹೊರಟುಬಿಡುತ್ತಾರೆ. ಆದರೆ ಸೋದರಿಯರೇ, ನೀವು ಯಾವಾಗಲಾದರೂ ಈ ಕಡೆ ಬಂದರೆ ಸಂಜೆ ನಾಲ್ಕೂವರೆಗೆ ಬನ್ನಿ. ನಮ್ಮಲ್ಲೂ ನೋಡುವಂಥದ್ದು ಒಂದುಂಟು.

ಸ್ಟೇಟ್‌ಬ್ಯಾಂಕಿನಲ್ಲಿ ಹತ್ತಿದ ಸಿಟಿ ಬಸ್ಸು ಹಂಪನಕಟ್ಟೆ, ಜ್ಯೋತಿ ಎಲ್ಲ ದಾಟಿ, ನಂತೂರಿನ ವಾಹನಗಳ ಜಾತ್ರೆಯಲ್ಲಿ ಸ್ವಲ್ಪ ಹೊತ್ತು ನಿಂತು, ಮೂಡಬಿದಿರೆ ರಸ್ತೆಗೆ ಬಿದ್ದು, ಪದವಿನ ಹತ್ತಿರ ಒಳಗೆ ತಿರುಗುತ್ತದೆ. ಪದವು ಎಂದರೆ ಏನೆಂದು ಘಟ್ಟದ ಮೇಲಿನವರು ಕೇಳಬಹುದು. ಗುಡ್ಡದ ನೆತ್ತಿಯಲ್ಲಿರುವ ಸಪಾಟು ಜಾಗಕ್ಕೆ ತುಳುವಿನಲ್ಲಿ ಹಾಗೆನ್ನುತ್ತಾರೆ. ನಮ್ಮ ಸುತ್ತಮುತ್ತ ನಾಲ್ಯಪದವು, ಪದವಿನಂಗಡಿ ಎಂದು ಇಂಥ ಹೆಸರುಗಳೇ ಹೆಚ್ಚು. ಕೆಳಗೆಲ್ಲ ಕೆಂಪು ಮುರಕಲ್ಲು, ಮೇಲೆ ಒಂದು ಗೇಣು ಮಣ್ಣು. ತೆಂಗು ಅಡಿಕೆಗೆ ಆಗದ ಈ ನೆಲ ಮಕ್ಕಳು ಓಡುವುದಕ್ಕೆ ಚೆನ್ನಾಗಿ ಆಗುತ್ತದೆ. ಈಗ ಮನೆಗಳು, ಫ್ಲಾಟುಗಳು ಎದ್ದು ಪದವು ಎಲ್ಲಿ ಉಂಟೆಂದು ಹುಡುಕಬೇಕು. ಆದರೂ ನಮ್ಮ ಬೀದಿಯ ಆಚೆ ಒಂದು ತುಂಡು ಬಯಲು ಉಳಿದಿದೆ. ಅದೇ ನಾನು ತೋರಿಸಬೇಕೆಂದ ಜಾಗ.

ಮಂಗಳವಾರ, ಗುರುವಾರ, ಶನಿವಾರ ಅಲ್ಲಿ ಮಕ್ಕಳಿಗೆ ಕಾಲ್ಚೆಂಡಿನ ತರಬೇತಿ. ಕಲಿಸುವವರು ಹಗಲು ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಹುಡುಗ. ಕಾಲೇಜಿನಲ್ಲಿ ಆಡಿದವರು, ಆಮೇಲೆ ತರಬೇತುದಾರರ ಡಿ ಲೈಸೆನ್ಸ್ ಪರೀಕ್ಷೆಯನ್ನೂ ಪಾಸು ಮಾಡಿಕೊಂಡವರು. ಮಕ್ಕಳು 'ಕೋಚ್ ಸರ್' ಎನ್ನುತ್ತಾರೆ, ನಾವೂ ಹಾಗೆಯೇ. ನನ್ನ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಸೇರಿದಳು, ಈಗ ಎಂಟನೆಯದು. ಅವಳನ್ನು ಬಿಡಲು ಹೋಗಿ, ಕಟ್ಟೆಯ ಮೇಲೆ ಕುಳಿತು, ಬೀನ್ಸಿನ ನಾರು ತೆಗೆಯುತ್ತಾ ನೋಡಿ ನೋಡಿ ನಾನೂ ಅಷ್ಟಿಷ್ಟು ಕಲಿತೆ.

ಫುಟ್‌ಬಾಲ್ ಕಲಿಸುವುದೆಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಾಗಿ ಗೋಲಿಗೆ ಒದೆಸುವುದು ಎಂದೇ ನಾನು ತಿಳಿದಿದ್ದೆ. ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಮಾಡಿಸುತ್ತಿದ್ದದ್ದು ಅದನ್ನೇ, ಅದೂ ಹುಡುಗರಿಗೆ ಮಾತ್ರ. ನಾವು ಹುಡುಗಿಯರಿಗೆ ಥ್ರೋಬಾಲ್. ಕೋಚ್ ಸರ್ ಹೇಳಿದರು: "ಅಕ್ಕಾ, ಇವತ್ತು ನಿಮ್ಮ ಮಗಳ ಕಾಲಿಗೆ ಚೆಂಡು ಎಷ್ಟು ಸಲ ತಾಗ್ತದೆ ಅಂತ ಸುಮ್ಮನೆ ಲೆಕ್ಕ ಹಾಕಿ ನೋಡಿ." ಎಣಿಸಿದೆ. ಬೇಕೆಂದೇ ಅವರು ಹತ್ತು ನಿಮಿಷ ಸಾಲು ಮಾಡಿಸಿದರು, ಆಗ ಆರು ಸಲ. ಆಮೇಲೆ ನಾಲ್ಕು ನಾಲ್ಕು ಮಕ್ಕಳ ಪುಟ್ಟ ತಂಡ ಮಾಡಿ, ತೆಂಗಿನ ಸಿಪ್ಪೆಯಿಟ್ಟು ಸಣ್ಣ ಗೋಲು ಮಾಡಿ ಹತ್ತು ನಿಮಿಷ ಆಡಿಸಿದರು. ಮೂವತ್ತೈದರ ಮೇಲೆ ನನಗೆ ಲೆಕ್ಕ ತಪ್ಪಿತು! ಸಾಲಿನಲ್ಲಿ ನಿಂತ ಮಗು ಮುಂದಿನವನ ಅಂಗಿ ಎಳೆಯುತ್ತದೆ, ಮಣ್ಣು ಕೆರೆಯುತ್ತದೆ. ಆಡುವ ಮಗುವಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿ?

ಇದು ಅವರೊಬ್ಬರ ಕಂಡುಹಿಡಿತವಲ್ಲ. ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆಯವರೇ 2018ರಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆಂದು 'ಬೇಬಿ ಲೀಗ್' ಶುರುಮಾಡಿದಾಗ ಐದೈದು, ಏಳೇಳು ಮಕ್ಕಳ ತಂಡಗಳನ್ನೇ ಇಟ್ಟರು. ಹನ್ನೊಂದು ಜನರ ಆಟ ದೊಡ್ಡವರಿಗೆ. ಚೆಂಡೂ ಹಾಗೆಯೇ. ದೊಡ್ಡವರದು 5ನೇ ನಂಬರಿನದು, ತೂಕ 410ರಿಂದ 450 ಗ್ರಾಂ. ಎಂಟರಿಂದ ಹನ್ನೆರಡರ ಮಕ್ಕಳಿಗೆ 4ನೇ ನಂಬರು, ಅದಕ್ಕಿಂತ ಪುಟ್ಟವರಿಗೆ 3. 'ಹೇಗೂ ಬೆಳೆಯುತ್ತಾನಲ್ಲ' ಎಂದು ಒಂದು ಅಳತೆ ದೊಡ್ಡ ಚಪ್ಪಲಿ ತರುವ ನಮ್ಮ ಬುದ್ಧಿಯನ್ನು ಚೆಂಡಿಗೆ ತೋರಿಸಬಾರದು.

ಮೊದಲ ಇಪ್ಪತ್ತು ನಿಮಿಷ ಮೈ ಬಿಸಿ ಮಾಡುವ ವ್ಯಾಯಾಮ. ನೋಡಲು ಮಕ್ಕಳಾಟದಂತೆ ಉಂಟು: ಒಂಟಿಕಾಲಿನಲ್ಲಿ ನಿಂತು ಚೆಂಡು ಹಿಡಿಯುವುದು, ಹಾರಿ ಇಳಿಯುವುದು, ಪಕ್ಕಕ್ಕೆ ಓಡುವುದು. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಫಿಫಾದವರು ಮಕ್ಕಳಿಗೆಂದೇ ಇಂಥದ್ದೊಂದು ಕ್ರಮ ಮಾಡಿ ಯುರೋಪಿನ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿದಾಗ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಹಾರಿ ಇಳಿಯುವಾಗ ಮೊಣಕಾಲು ಒಳಗೆ ಬಾಗಬಾರದು, ಪಾದದ ನೇರಕ್ಕೆ ಇರಬೇಕು. ದೊಡ್ಡವರಾದ ಹುಡುಗಿಯರಿಗೆ ಇದು ಮುಖ್ಯ. ಮೊಣಕಾಲಿನ ಒಳಗಿನ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಅವರಿಗೆ ಎರಡು ಮೂರು ಪಟ್ಟು ಹೆಚ್ಚು. ಮಗಳಿಗೆ ಮನೆಯ ಜಗಲಿಯಿಂದ ಹಾರಿಸಿ ನಾನೇ ನೋಡುತ್ತೇನೆ. ಅತ್ತೆಗೆ ಅದೊಂದು ತಮಾಷೆ.

ತಲೆಯಿಂದ ಚೆಂಡು ಹೊಡೆಯುವುದನ್ನು ಚಿಕ್ಕವರಿಗೆ ಕೋಚ್ ಸರ್ ಕಲಿಸುವುದೇ ಇಲ್ಲ. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲೆಯ ಮಕ್ಕಳ ತರಬೇತಿಯಲ್ಲಿ ಅದನ್ನು ಬಿಡಿಸಿದ್ದಾರೆ. ಅಮೆರಿಕದಲ್ಲಿ ಅದಕ್ಕೂ ಮೊದಲೇ.

ಇನ್ನು ಕಟ್ಟೆಯ ಮೇಲಿನ ನಮ್ಮ ವಿಷಯ. ಶಕ್ತಿನಗರದಲ್ಲಿ ನಾಲ್ಕು ಭಾಷೆ ಬಾರದ ಮಗು ಇಲ್ಲ. "ಪಾಸ್ ಕೊರ್ಲ" ಎಂದು ತುಳುವಿನಲ್ಲಿ ಒಬ್ಬ ಚೆಂಡು ಕೇಳಿದರೆ, ಕೊಂಕಣಿಯಲ್ಲಿ ಇನ್ನೊಬ್ಬಳು, ಬ್ಯಾರಿ ಭಾಷೆಯಲ್ಲಿ ಮತ್ತೊಬ್ಬ. ಅಮ್ಮಂದಿರೂ ಸೇರಿದರೆ ಕೇಳಬೇಕೆ! ಪಕ್ಕದ ಮನೆಯ ಬಾಯಮ್ಮ ಕೊಂಕಣಿಯಲ್ಲಿ ಬಲಕ್ಕೆ ಹೋಗು ಎಂದರೆ, ಎದುರುಮನೆಯವರು ಕನ್ನಡದಲ್ಲಿ ಎಡಕ್ಕೆ ಎನ್ನುತ್ತಿದ್ದರು. ಮಗು ಎಲ್ಲಿಗೂ ಹೋಗದೆ ಅಮ್ಮನ ಮುಖ ನೋಡುತ್ತಾ ನಿಲ್ಲುತ್ತಿತ್ತು. ಒಂದು ದಿನ ಕೋಚ್ ಸರ್ ಬಂದು ಕೈ ಮುಗಿದು, "ಚಪ್ಪಾಳೆ ಎಷ್ಟು ಬೇಕಾದರೂ ಹೊಡೆಯಿರಿ, ದಾರಿ ಮಾತ್ರ ಹೇಳಬೇಡಿ. ದಾರಿ ಅವರೇ ಹುಡುಕಲಿ" ಎಂದರು. ಅವರೂ ಕಿರುಚುವುದಿಲ್ಲ. ಯಾರಾದರೂ ತಪ್ಪಿದರೆ ಆಟ ನಿಲ್ಲಿಸಿ, "ಈಗ ಬೇರೆ ಎಂತ ಮಾಡಬಹುದಿತ್ತು?" ಎಂದು ಮಗುವನ್ನೇ ಕೇಳುತ್ತಾರೆ. ಇಷ್ಟು ತಾಳ್ಮೆ ನನಗೆ ಗಣಿತ ಹೇಳಿಕೊಡುವಾಗ ಎಲ್ಲಿಂದ ಬರಬೇಕು?

ಫುಟ್‌ಬಾಲ್ ಏನಿದ್ದರೂ ಬಂಗಾಳಿಗಳದು, ಮಲಯಾಳಿಗಳದು ಎಂದು ನಮ್ಮನೆಯವರ ವಾದ. ಹಾಗೇನಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ದಿನ ನಮ್ಮ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದ್ದರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಕೊನೆಯದು 1968-69ರಲ್ಲಿ. ಮತ್ತೆ ಗೆದ್ದದ್ದು ಕರ್ನಾಟಕವಾಗಿ, 2023ರ ಮಾರ್ಚಿನಲ್ಲಿ, ಸೌದಿಯ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ನಮ್ಮ ಮಂಗಳೂರಿನಲ್ಲೇ ಗುರುಪುರ ನದಿಯಾಚೆಗಿನ ಬೆಂಗ್ರೆ, ಇತ್ತ ಉಳ್ಳಾಲ, ಕಡಲ ಕರೆಯ ಈ ಊರುಗಳಲ್ಲಿ ಈ ಆಟದ ಹುಚ್ಚು ಸಣ್ಣದಲ್ಲ.

ಆ ಹುಚ್ಚನ್ನು ಕಣ್ಣಾರೆ ನೋಡಬೇಕಾದರೆ ಆಗಸ್ಟಿನಲ್ಲಿ ನೆಹರೂ ಮೈದಾನಕ್ಕೆ ಹೋಗಬೇಕು. ಶಕ್ತಿನಗರದಿಂದ ಬಂದ ಬಸ್ಸು ಕೊನೆಗೆ ನಿಲ್ಲುವುದೂ ಅದರ ಬಳಿಯೇ. ಹಿಂದೆ ಅದಕ್ಕೆ ಸೆಂಟ್ರಲ್ ಮೈದಾನ ಎಂದು ಹೆಸರಿತ್ತು. ಜಿಲ್ಲಾ ಫುಟ್‌ಬಾಲ್ ಸಂಸ್ಥೆಯವರು ಸ್ವಾತಂತ್ರ್ಯ ದಿನದ ಹೊತ್ತಿಗೆ ಶಾಲಾ ಕಾಲೇಜುಗಳ ಮಕ್ಕಳಿಗೆ 'ಇಂಡಿಪೆಂಡೆನ್ಸ್ ಕಪ್' ಪಂದ್ಯಗಳನ್ನು ಅಲ್ಲಿ ನಡೆಸುತ್ತಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರ್ ದಾಟುವ ನಮ್ಮ ಊರಿನ ಮಳೆ ಆಗ ಬಿಡುವು ಕೊಡುವುದಿಲ್ಲ. ಚೆಂಡು ನೀರಿನಲ್ಲಿ ನಿಂತುಬಿಡುತ್ತದೆ, ಮಕ್ಕಳು ಜಾರಿ ಅದನ್ನು ದಾಟಿ ಹೋಗುತ್ತಾರೆ! ಕೊಡೆ ಹಿಡಿದು, ಕಡಲೆ ತಿನ್ನುತ್ತಾ ನಿಂತು ನೋಡುವ ಮಜವೇ ಬೇರೆ.

ಮಜ ನೋಡಿ ಬಂದ ಮೇಲೆ ಬಟ್ಟೆಯ ಚಿಂತೆ. ಮುರಕಲ್ಲಿನ ಕೆಂಪು ಕಲೆ ಹೋಗಲು ಒಂದು ಉಪಾಯ ಹೇಳುತ್ತೇನೆ. ಹಸಿಯಾಗಿರುವಾಗ ತಿಕ್ಕಬೇಡಿ. ಒಣಗಿದ ಮೇಲೆ ಬ್ರಷ್ಷಿನಿಂದ ಉದುರಿಸಿ, ತಣ್ಣೀರಿನಲ್ಲಿ ಸೋಪು ಹಾಕಿ ರಾತ್ರಿ ನೆನೆಸಿಡಿ. ಬಿಳಿ ಸಾಕ್ಸಿಗೆ ಲಿಂಬೆರಸ, ಉಪ್ಪು ಸವರಿ ಬಿಸಿಲಿಗೆ ಹಾಕಿದರೆ ಮುಕ್ಕಾಲು ಕಲೆ ಬಿಡುತ್ತದೆ. ಪೂರ್ತಿ ಬಿಡುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ. ಆಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬಾರದು, ಒಂದು ಕದಳಿ ಹಣ್ಣು ಸಾಕು. ಆಡಿ ಬಂದಮೇಲೆ ಚಿಟಿಕೆ ಉಪ್ಪು ಹಾಕಿದ ಪುನರ್ಪುಳಿ ಶರಬತ್ತು, ಹೆಸರುಕಾಳಿನ ಉಸ್ಲಿ. ಅಂಗಡಿಯ ಬಣ್ಣದ ನೀರು ಬೇಡ.

ಇಷ್ಟೆಲ್ಲ ಬರೆಯುವುದಕ್ಕೆ ಕಾರಣವಾದ ಸಂಗತಿ ಬೇರೆಯೇ ಉಂಟು. ನನ್ನ ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಅವಳ ವಯಸ್ಸಿನ ಹನ್ನೊಂದು ಹುಡುಗಿಯರು ಈ ಬಯಲಿಗೆ ಬರುತ್ತಿದ್ದರು. ಏಳನೆಯದು ಮುಗಿಯುವಾಗ ಉಳಿದವರು ಐದು. ಏಳು ಜನರ ತಂಡಕ್ಕೂ ಸಾಲದು. ಹುಡುಗರು ಒಬ್ಬರೂ ಕಡಿಮೆಯಾಗಿರಲಿಲ್ಲ. ಕೋಚ್ ಸರ್ ಪಾಪ, ಏನು ಕೇಳುವುದಕ್ಕೂ ಅವರಿಗೆ ಸಂಕೋಚ. ಕಾರಣ ಅವರಿಗೆ ಹೇಗೆ ಗೊತ್ತಾಗಬೇಕು? ನಮಗೆ ಗೊತ್ತು. ಹುಡುಗಿ ದೊಡ್ಡವಳಾದಳು, ಅಷ್ಟೇ.

ಬಾಯಮ್ಮನೂ ನಾನೂ ಸೇರಿ ಆ ಆರು ಮನೆಗಳಿಗೆ ಹೋದೆವು. ಅರಿಶಿನ ಕುಂಕುಮಕ್ಕೆ ಹೋದ ಹಾಗೆ ಹೋಗಿ, ಚಹಾ ಕುಡಿದು, ಮೆಲ್ಲಗೆ ಮಾತು ತೆಗೆದೆವು. ಒಂದು ಮನೆಯಲ್ಲಿ ಟ್ಯೂಷನ್ ಎಂದರು. ಇನ್ನೊಂದರಲ್ಲಿ ಕಪ್ಪಾಗುತ್ತಾಳೆ, ನಾಳೆ ಗಂಡು ಸಿಗಬೇಡವೇ ಎಂದರು. ಹದಿಮೂರು ವರ್ಷದ ಹುಡುಗಿಗೆ! ಒಬ್ಬ ತಾಯಿ ಮಾತ್ರ ಒಳಗೆ ಕರೆದು ನಿಜ ಹೇಳಿದರು: "ಆ ದಿನಗಳಲ್ಲಿ ಅವಳು ಎಲ್ಲಿಗೆ ಹೋಗಬೇಕು? ಬಯಲಿನಲ್ಲಿ ಒಂದು ಬಾಗಿಲು ಉಂಟಾ? ಹೇಳಿಕೊಳ್ಳಲು ಒಂದು ಹೆಂಗಸು ಉಂಟಾ?" ನಮ್ಮ ಬಾಯಿ ಕಟ್ಟಿತು. ಊರಾಚೆ ಒಂದು ಪಂದ್ಯಕ್ಕೆ ಹೋದಾಗ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಆಡಿದ್ದನ್ನು ನಾನೂ ನೋಡಿದವಳೇ.

ಆದದ್ದು ಇಷ್ಟು. ಬಯಲಿನ ಪಕ್ಕದ ಬಾಯಮ್ಮನ ಮನೆಯ ಹೊರಗಿನ ಬಚ್ಚಲು ಹುಡುಗಿಯರಿಗೆ ತೆರೆದಿರುತ್ತದೆ. ಒಳಗೆ ಡಬ್ಬಿಯಲ್ಲಿ ಪ್ಯಾಡು, ಹಳೆ ಪೇಪರು, ಸೋಪು. ಬಿಳಿ ಚಡ್ಡಿಯ ಬದಲು ಕಡುನೀಲಿ ಪ್ಯಾಂಟು. ಮೂರೂ ದಿನ ಒಬ್ಬ ಹೆಂಗಸು ಬಯಲಿನಲ್ಲಿ ಇರಲೇಬೇಕು, ಸರದಿ ಪ್ರಕಾರ. ನನ್ನ ಸರದಿಯಲ್ಲಿ ಮೈ ಬಿಸಿ ಮಾಡಿಸುವುದು ನಾನೇ, ಸೀರೆಗೆ ಪಿನ್ ಹಾಕಿಕೊಂಡು! ನೋವಿದ್ದವಳು ಸುಮ್ಮನೆ ನಡೆಯಬಹುದು, ಗೋಲು ಕಾಯಬಹುದು. ಆಡುತ್ತೇನೆ ಎಂದರೆ ಆಡಬಹುದು, ಅದರಿಂದ ತೊಂದರೆಯಿಲ್ಲ.

ಹುಡುಗಿಯರಿಗೆ ಈ ಆಟ ಸಲ್ಲದು ಎನ್ನುವವರು ನಮ್ಮಲ್ಲಿ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ 1920ರ ಕ್ರಿಸ್ಮಸ್ಸಿನ ಮರುದಿನ ಕಾರ್ಖಾನೆ ಹುಡುಗಿಯರ ಒಂದು ಪಂದ್ಯ ನೋಡಲು 53,000 ಜನ ಸೇರಿದ್ದರಂತೆ. ಮರುವರ್ಷವೇ ಅಲ್ಲಿನ ಸಂಸ್ಥೆಯವರು ತಮ್ಮ ಮೈದಾನಗಳನ್ನು ಹೆಂಗಸರಿಗೆ ಮುಚ್ಚಿದರು. ಮತ್ತೆ ತೆರೆಯಲು ಸುಮಾರು ಐವತ್ತು ವರ್ಷ ಹಿಡಿಯಿತು. ನಮ್ಮವರೇನು ಕಡಿಮೆಯೇ? ನಾವು ರೈಲು ಹತ್ತಿದರೆ ಸಿಗುವ ಕಲ್ಲಿಕೋಟೆಯಲ್ಲಿ 1980ರಲ್ಲಿ ನಡೆದ ಏಷ್ಯಾದ ಮಹಿಳಾ ಪಂದ್ಯಾವಳಿಯಲ್ಲಿ ಭಾರತದ ತಂಡ ಎರಡನೆಯ ಸ್ಥಾನ ಪಡೆದಿತ್ತು. 2025ರ ಜುಲೈಯಲ್ಲಿ ನಮ್ಮ ಹುಡುಗಿಯರು ಥಾಯ್ಲೆಂಡಿಗೇ ಹೋಗಿ ಅವರನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿದರು. ಆ ಪಂದ್ಯದ ವಿಷಯವನ್ನು ಮೊಬೈಲಿನಲ್ಲಿ ತೋರಿಸಿದ್ದೇ ಒಂದು ಮನೆಯ ಅಪ್ಪ ಒಪ್ಪಿಬಿಟ್ಟರು. ಟ್ಯೂಷನ್ ಸಮಯವನ್ನೂ ಅವರೇ ಬದಲಿಸಿದರು.

ಈಗ ಎಂಟು ಹುಡುಗಿಯರಿದ್ದಾರೆ. ಏಳು ಜನ ಆಡಲು, ಒಬ್ಬಳು ಬದಲಿಗೆ. ಕಡಲ ಕರೆಯ ಒಂದು ತಂಡದೊಂದಿಗೆ ಅಭ್ಯಾಸ ಪಂದ್ಯ ಆಡಿ 4-1ರಿಂದ ಸೋತರು. ಆ ಒಂದು ಗೋಲನ್ನು ಹೊಡೆದವಳು ಕಪ್ಪಾಗುತ್ತಾಳೆ ಎಂದಿದ್ದರಲ್ಲ, ಆ ಮನೆಯ ಹುಡುಗಿ.

ಒಂಬತ್ತನೆಯವಳ ಅಜ್ಜಿ ಮೊನ್ನೆ ಒಪ್ಪಿದ್ದಾರೆ. ಒಂದೇ ಷರತ್ತು: ದೇವರ ದೀಪ ಹಚ್ಚುವ ಮೊದಲು ಹುಡುಗಿ ಮನೆಯೊಳಗೆ ಇರಬೇಕು, ಕರೆತಂದು ಬಿಡುವುದು ನಾನೇ ಆಗಬೇಕು. ಬೇಸಗೆಯಲ್ಲಿ ಆರಕ್ಕೆ ಸೀಟಿ ಊದಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಮೋಡ ಕವಿದರೆ ಐದೂವರೆಗೇ ಮಬ್ಬು. ಅಭ್ಯಾಸ ಅರ್ಧ ಗಂಟೆ ಮೊದಲೇ ಶುರು ಮಾಡಲು ಆಗುತ್ತದೋ ಎಂದು ಈ ಶನಿವಾರ ಕೋಚ್ ಸರ್ ಹತ್ತಿರ ಕೇಳಬೇಕು. ಅವರ ಆಫೀಸು ಬೇಗ ಬಿಡಬೇಕಲ್ಲ.