ಹೂದೋಟದ ಮಣ್ಣಿನ ಲೆಕ್ಕ

ಪಾಠಶಾಲೆಯ ಮುಂಭಾಗದ ಬರಿದಾದ ನೆಲದಲ್ಲಿ ಹೂದೋಟವನ್ನು ಮಾಡಲಿಕ್ಕೆ ಹಳೆಯ ವಿದ್ಯಾರ್ಥಿನಿಯರು ಹಣವನ್ನು ಕೂಡಿಸಿ ಕೊಟ್ಟಿರುವುದರಿಂದ, ಅದಕ್ಕೆ ಬೇಕಾದ ಮಣ್ಣಿನ ಲೆಕ್ಕವನ್ನು ಅವರಿಗೂ ಪಾಲಕರಿಗೂ ಒಪ್ಪಿಸುವುದು ಯುಕ್ತವೆಂದೆಣಿಸುತ್ತೇನೆ.

ನೆಲವು 40 ಅಡಿ ಉದ್ದ, 30 ಅಡಿ ಅಗಲ. ಅರ್ಧ ಅಡಿ ದಪ್ಪ ಹರಡಬೇಕಾದರೆ 600 ಘನ ಅಡಿ ಮಣ್ಣು. 100 ಘನ ಅಡಿಗೆ ಒಂದು ಬ್ರಾಸ್ ಎಂಬ ಬೆಳಗಾವಿಯ ರೂಢಿಯಂತೆ 6 ಬ್ರಾಸ್. ಆದರೆ ಸಡಿಲಾದ ಮಣ್ಣು ನೀರು ಬಿದ್ದ ಮೇಲೆ ಸುಮಾರು ಐದರಲ್ಲೊಂದು ಪಾಲು ಕುಸಿಯುವುದು. ಒಂಬತ್ತನೆಯ ತರಗತಿಯವರು 6ಕ್ಕೆ ಅದರ ಐದನೆಯ ಪಾಲನ್ನು ಕೂಡಿಸಿ 7.2 ಎಂದರು. ಕುಸಿಯುವ ಪಾಲು ತಂದ ಮಣ್ಣಿನದೇ ಹೊರತು ಉಳಿಯುವ ಮಣ್ಣಿನದಲ್ಲವೆಂದು ಒಬ್ಬಳು ಎದ್ದು 7.5 ಎಂದಳು. ಆಕೆ ಹೇಳಿದ್ದೇ ಸರಿ. ಇದರಲ್ಲಿ ಒಂದೂವರೆ ಬ್ರಾಸು ನಮ್ಮ ತಿಪ್ಪೆಯ ಗೊಬ್ಬರವಾದುದರಿಂದ ಕೊಳ್ಳತಕ್ಕದ್ದು 6.

ಟ್ರ್ಯಾಕ್ಟರಿನ ಒಂದು ‘ಟ್ರಿಪ್ಪು’ ಅಳತೆಯಲ್ಲ. 10 ಅಡಿ ಉದ್ದ, 6 ಅಡಿ ಅಗಲದ ಟ್ರಾಲಿಯಲ್ಲಿ ಒಂದೂವರೆ ಅಡಿ ತುಂಬಿದರೆ 90 ಘನ ಅಡಿಯೇ ಆಗುವುದು. ಸುರಿಯುವ ಮೊದಲೇ ಟೇಪು ಹಿಡಿಯುವೆವು.

ಮಣ್ಣು ಖಾನಾಪುರದ ಕಡೆಯದು. ಗಡಿಗೆ ಹೆಂಚುಗಳಿಗೆ ಒಪ್ಪುವ ಅಲ್ಲಿಯ ಜಿಗುಟು ಮಣ್ಣು ನೀರನ್ನು ಹಿಡಿದು ಬೇರನ್ನು ಕೊಳೆಸುವುದರಿಂದ ಸಡಿಲಾದ ಕೆಂಪು ಮಣ್ಣನ್ನೇ ಕೇಳಿದ್ದೇವೆ. ಅದೂ ಯಾರದೋ ಗದ್ದೆಯನ್ನು ಕೆರೆದು ತಂದದ್ದಾಗಬಾರದು, ಯಾಕಂದರೆ ಒಂದು ಅಂಗುಲ ಮೇಲ್ಮಣ್ಣು ಮತ್ತೆ ಹುಟ್ಟಲಿಕ್ಕೆ ನೂರಾರು ವರ್ಷ ಬೇಕು. ಮನೆ ಕಟ್ಟಲು ಅಗೆಯುತ್ತಿರುವ ಜಾಗದ್ದೇ ಬೇಕೆಂದು ಹೇಳಿಕೊಂಡಿದ್ದೇವೆ; ದರ ತುಸು ಹೆಚ್ಚು, ಆಗಲಿ. ಬೇಕಾದದ್ದಕ್ಕಿಂತ ಹೆಚ್ಚು ತರಿಸಿದರೆ ಮೊದಲ ದೊಡ್ಡ ಮಳೆಗೆ ಗಟಾರದ ಪಾಲು.

ಮೃಗಶಿರಾ ಮಳೆಗೆ ಮುಂಚೆಯೇ ಹರಡಬೇಕು. ಸಲಿಕೆಯುಳ್ಳ ಪಾಲಕರು ಶನಿವಾರ ಬೆಳಿಗ್ಗೆ ಬಂದರೆ ಉಪಕಾರವಾಗುವುದು.