ಪಿಕಪ್ಪಿಗೊಂದು ಕಮಾನು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳುತ್ತಾರೆ. ಇವೆರಡನ್ನೂ ಮಾಡುವ ವಯಸ್ಸಾಗಲಿ ಹಣವಾಗಲಿ ನನಗಿನ್ನೂ ಬಂದಿಲ್ಲ. ಆದರೆ ಒಂಬತ್ತಡಿ ಉದ್ದ, ಐದೂವರೆ ಅಡಿ ಅಗಲದ ಒಂದು ಸೂರನ್ನು ನಾನು ಕಟ್ಟಿದ್ದೇನೆ. ಅದೂ ಒಂದು ಸಲವಲ್ಲ, ಎರಡು ಸಲ. ಮೊದಲನೆಯದು ಕೆಟ್ಟದ್ದು ಹೇಗೆ, ಎರಡನೆಯದು ನಿಂತದ್ದು ಹೇಗೆ ಎಂಬುದನ್ನು ಇಲ್ಲಿ ಹೇಳಹೊರಟಿದ್ದೇನೆ.

ನಮ್ಮೂರು ಬೂವನಹಳ್ಳಿ. ಹಾಸನದ ಮಗ್ಗುಲಲ್ಲೇ ಇದ್ದು, ವಿಮಾನ ನಿಲ್ದಾಣದ ಹೆಸರಿನೊಡನೆ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಊರು. “ನಿಮಗೇನಪ್ಪ, ವಿಮಾನದ ಊರಿನವರು” ಎಂದು ಸಹಪಾಠಿಗಳು ಹಾಸ್ಯ ಮಾಡುವುದುಂಟು. ನಮ್ಮ ಮನೆಯ ವಾಹನವಾದರೋ ನೆಲ ಬಿಟ್ಟು ಮೇಲೇಳುವಂಥದಲ್ಲ. ಅದು ಅಪ್ಪ ಸಾಲ ಮಾಡಿ ಕೊಂಡ ಹಳೆಯ ಪಿಕಪ್ ಗಾಡಿ. ಅದರ ಹಿಂದಿನ ಬಾಡಿ ಆಕಾಶಕ್ಕೆ ತೆರೆದುಕೊಂಡಿತ್ತು.

ಬೇರೆ ಸರಕು ಹೊರುವವರಿಗೆ ಇದೊಂದು ದೊಡ್ಡ ಚಿಂತೆಯಲ್ಲ. ನಾವು ಹೊರುವುದು ಆಲೂಗೆಡ್ಡೆ. ಉತ್ತರ ದೇಶದಲ್ಲಿ ಆಲೂಗೆಡ್ಡೆ ಚಳಿಗಾಲದ ಬೆಳೆ; ನಮ್ಮ ಹಾಸನದ ಸೀಮೆಯಲ್ಲಿ ಅದು ಮುಖ್ಯವಾಗಿ ಮುಂಗಾರಿನ ಬೆಳೆ. ಪಂಜಾಬಿನ ಜಲಂಧರದಿಂದ ಲಾರಿಗಳಲ್ಲಿ ಬಿತ್ತನೆಗೆಡ್ಡೆ ಬರುತ್ತದೆ. ಅದನ್ನು ಮಳೆಯನ್ನು ನಂಬಿ ನೆಟ್ಟು, ಮಳೆಗೆ ಹೆದರುತ್ತ ಕೀಳಬೇಕು. 1845ರಲ್ಲಿ ಐರ್ಲೆಂಡನ್ನು ಕ್ಷಾಮಕ್ಕೆ ನೂಕಿದ ರೋಗವನ್ನು ನಾವು ತರಗತಿಯಲ್ಲಿ ಓದುತ್ತೇವೆ. ಅದೇ ಅಂಗಮಾರಿಯನ್ನು ನಮ್ಮೂರಿನ ಹೊಲದಲ್ಲಿ ಕಣ್ಣಾರೆ ಕಂಡಿದ್ದೇವೆ. ರೋಗದಿಂದ ಪಾರಾಗಿ ಬಂದ ಗೆಡ್ಡೆಯಾದರೂ ಸುಮ್ಮನಿರುವ ವಸ್ತುವಲ್ಲ. ತೊಯ್ದರೆ ಕೊಳೆಯುತ್ತದೆ. ಬಿಸಿಲಿಗೆ ಬಿದ್ದರೆ ಹಸುರಾಗುತ್ತದೆ. ಹಸುರಿನೊಡನೆ ಸೊಲನೈನ್ ಎಂಬ ಕಹಿವಿಷವೂ ಹೆಚ್ಚುತ್ತದೆ. ಆದುದರಿಂದ ಅದಕ್ಕೆ ಮಳೆಯೂ ಬೇಡ, ಬಿಸಿಲೂ ಬೇಡ.

ಅಪ್ಪ ಮೂಟೆಗಳ ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುತ್ತಿದ್ದರು. ಎಷ್ಟು ಬಿಗಿದರೂ ಮೂಟೆಗಳ ಸಂದಿನಲ್ಲಿ ನೀರು ನಿಂತು ಒಳಕ್ಕೆ ಇಳಿಯುತ್ತಿತ್ತು. ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೇಳಿದರೆ, ಒಳ್ಳೆಯ ಮುಚ್ಚಿಗೆಗೆ ಗಾಡಿಯ ಎರಡು ತಿಂಗಳ ಕಂತಿಗಿಂತ ಹೆಚ್ಚಾಗುತ್ತದೆಂದರು. ಆಗ ನಾನು ಬಾಯಿ ಹಾಕಿದೆ: “ನಾನೇ ಮಾಡ್ತೀನಿ ಬಿಡಪ್ಪ.” ಬಿ.ಎ. ಓದುತ್ತಿರುವ ಮಗ ಕಬ್ಬಿಣದ ಕೆಲಸಕ್ಕೆ ಕೈಹಾಕುವುದು ಅಪ್ಪನಿಗೆ ಅಷ್ಟು ಹಿಡಿಸಲಿಲ್ಲ. ಆದರೂ ಹಣ ಕೊಟ್ಟರು.

ಕಬ್ಬಿಣದ ಅಂಗಡಿಯವರು “ಎಷ್ಟು ಕೆ.ಜಿ. ಆಂಗ್ಲರ್ ಬೇಕು?” ಎಂದರು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಆಂಗ್ಲರು 1947ರಲ್ಲಿಯೇ ಹೊರಟುಹೋದರೆಂದು ತಿಳಿದಿತ್ತು. ತೂಕದ ಲೆಕ್ಕದಲ್ಲಿ ಇನ್ನೂ ಸಿಗುತ್ತಾರೆಂದು ತಿಳಿದಿರಲಿಲ್ಲ. ಮೂಲೆಮಡಿಕೆಯ ಕಬ್ಬಿಣದ ಪಟ್ಟಿಗೆ ನಮ್ಮ ಕಡೆ ಅದೇ ಹೆಸರು. ಗಾಡಿಯ ಮೈಗೆ ತೂತು ಕೊರೆಯುವಂತಿರಲಿಲ್ಲ, ಬೆಸುಗೆ ಹಾಕುವಂತಿರಲಿಲ್ಲ. ನೋಂದಣಿ ಪತ್ರದಲ್ಲಿರುವುದಕ್ಕೆ ವಿರುದ್ಧವಾಗಿ ವಾಹನದ ರೂಪವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಆದುದರಿಂದ ಬೇಕೆಂದಾಗ ಎತ್ತಿ ಕೆಳಗಿಡಬಹುದಾದ ಚೌಕಟ್ಟನ್ನೇ ಮಾಡಿಸಿದೆ. ಆರು ಕಾಲು, ಮೇಲೆ ಮಟ್ಟಸವಾದ ಚೌಕ, ಅದರ ಮೇಲೆ ತಮಟೆಯ ಚರ್ಮದಂತೆ ಬಿಗಿದ ಹೊಸ ಟಾರ್ಪಾಲು. ಸುತ್ತಲೂ ಒಂದು ಇರುವೆ ನುಸುಳದಂತೆ ಕಟ್ಟಿದೆ. ನೋಡಿದವರೆಲ್ಲ ಚೆನ್ನಾಗಿದೆ ಎಂದರು. ತಾತ ಮಾತ್ರ ಜಗಲಿಯ ಮೇಲಿಂದ ಒಮ್ಮೆ ನೋಡಿ ಮುಖ ತಿರುಗಿಸಿದರು.

ತಾತನ ಆ ಮೌನಕ್ಕೆ ಹಿಂದಿನ ಕಥೆಯೊಂದಿತ್ತು. ಪಿಕಪ್ ಬಂದ ವರ್ಷವೇ ನಮ್ಮ ಮನೆಯ ಹಳ್ಳಿಕಾರ್ ಎತ್ತುಗಳನ್ನು ಮಾರಿದ್ದೆವು. ಮುಂಗಡಕ್ಕೆ ಹಣ ಬೇಕಾಗಿತ್ತು. ಅಂದಿನಿಂದ ತಾತ ಪಿಕಪ್ಪಿನ ಹತ್ತಿರ ಸುಳಿದವರಲ್ಲ. ಅದನ್ನು ಅವರು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ; “ನಿಮ್ಮಪ್ಪನ ಸಾಮಾನು” ಎನ್ನುತ್ತಿದ್ದರು.

ಶ್ರಾವಣದ ಒಂದು ರಾತ್ರಿ ಇಪ್ಪತ್ತೈದು ಮೂಟೆ ಹೇರಿಕೊಂಡು ಅಪ್ಪನೂ ನಾನೂ ಬೆಂಗಳೂರಿನ ಮಂಡಿಗೆ ಹೊರಟೆವು. ಚನ್ನರಾಯಪಟ್ಟಣ ದಾಟುವವರೆಗೆ ನಾನು ನನ್ನ ಕೈಚಳಕವನ್ನು ಮನಸ್ಸಿನಲ್ಲೇ ಹೊಗಳಿಕೊಳ್ಳುತ್ತಿದ್ದೆ. ಹಿರೀಸಾವೆಯ ಹತ್ತಿರ ಮಳೆ ಹಿಡಿಯಿತು. ಕುಣಿಗಲ್ಲಿನ ಬಳಿ ನಿಲ್ಲಿಸಿ ಬ್ಯಾಟರಿ ಬಿಟ್ಟು ನೋಡಿದರೆ, ಬಿಗಿಯಾಗಿದ್ದ ಟಾರ್ಪಾಲು ಎರಡು ಕಡೆ ಬಸುರಿ ಹೊಟ್ಟೆಯಂತೆ ಜೋತುಬಿದ್ದಿತ್ತು. ಒಂದು ಘನ ಅಡಿ ನೀರು ಸುಮಾರು 28 ಕೆ.ಜಿ. ತೂಗುತ್ತದೆ. ಮಟ್ಟಸವಾದ ಸೂರಿನ ಮೇಲೆ ಮೊದಲು ಒಂದು ಬೊಗಸೆ ನಿಲ್ಲುತ್ತದೆ. ಆ ಭಾರಕ್ಕೆ ಬಟ್ಟೆ ತಗ್ಗುತ್ತದೆ. ತಗ್ಗಿದ ಕಡೆಗೆ ಮತ್ತಷ್ಟು ನೀರು ಹರಿದುಬರುತ್ತದೆ. ನಾನು ಕೋಲಿನಿಂದ ಮೇಲಕ್ಕೆ ತಿವಿದೆ. ಅರ್ಧ ನೀರು ಹೊರಗೆ ಚೆಲ್ಲಿತು. ಇನ್ನರ್ಧ, ಕೋಲಿನ ತುದಿ ಹರಿದ ತೂತಿನಿಂದ ಮೂಟೆಗಳ ಮೇಲೆ ಸುರಿಯಿತು.

ತೂತಿಗೆ ತೇಪೆ ಹಾಕಿ ಇನ್ನೂ ಬಿಗಿಯಾಗಿ ಮುಚ್ಚಿದೆವು. ಮುಂದೆ ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ಬಿದ್ದು, ಬೆಳಗಿನ ಎಷ್ಟೋ ಹೊತ್ತು ಸಾಲಿನಲ್ಲಿ ನಿಲ್ಲಬೇಕಾಯಿತು. ಮಳೆ ಹೋಗಿ ಬಿಸಿಲು ಬಂತು. ಮಂಡಿಯಲ್ಲಿ ಕಟ್ಟು ಬಿಚ್ಚಿದಾಗ, ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆದಂತೆ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಆದರೆ ಬಂದ ವಾಸನೆ ಇಡ್ಲಿಯದಲ್ಲ. ಟಾರ್ಪಾಲಿನ ಒಳಮೈಯಿಂದ ಹನಿ ತೊಟ್ಟಿಕ್ಕುತ್ತಿತ್ತು. ತೂತಿನ ಕೆಳಗೆ ಇಲ್ಲದ ಮೂಟೆಗಳೂ ಬೆವರಿ ಒದ್ದೆಯಾಗಿದ್ದವು. ಕೊಳ್ಳುವವರು ಒಂದೊಂದನ್ನೂ ಮುಟ್ಟಿ, ಮೂಸಿ, ಒಂಬತ್ತು ಮೂಟೆಗಳನ್ನು ಪಕ್ಕಕ್ಕೆ ತಳ್ಳಿದರು. ಅವನ್ನು ಕೇಳಿದ ಬೆಲೆಗೆ ಕೊಟ್ಟುಬಂದೆವು.

ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ದಾರಿಯಲ್ಲಿ ನನಗೆ ಟೀ, ಬನ್ನು ಕೊಡಿಸಿದರು. ತಾವು ಏನೂ ತಿನ್ನಲಿಲ್ಲ. ಆ ತಿಂಗಳ ಕಂತನ್ನು ಅವ್ವನ ಓಲೆ ಕಟ್ಟಿತು. ಇಂದಿಗೂ ಅವ್ವನ ಕಿವಿಯಲ್ಲಿರುವ ಕಡ್ಡಿಗಳನ್ನು ಕಂಡಾಗ ನನಗೆ ಆ ಹಬೆಯ ವಾಸನೆ ನೆನಪಾಗುತ್ತದೆ.

ಎರಡು ದಿನ ಕಳೆದ ಮೇಲೆ ತಾತ ತಾವಾಗಿಯೇ ಮಾತು ತೆಗೆದರು.

“ಸುತ್ತ ಕಟ್ಟಿದ್ಯಲ್ಲ, ಗಾಳಿ ಎಲ್ಲಿಂದ ಆಡ್ಬೇಕ್ಲಾ? ಗೆಡ್ಡೆಗೂ ಉಸಿರದೆ. ನೀನು ಅದರ ಬಾಯಿ ಹೊಲ್ದಿದ್ದೀಯ.”

ಸಸ್ಯಶಾಸ್ತ್ರ ಓದುವ ಗೆಳೆಯನನ್ನು ಕೇಳಿದೆ. ತಾತ ಅಂದದ್ದು ಅಕ್ಷರಶಃ ನಿಜ. ಕಿತ್ತ ಮೇಲೂ ಗೆಡ್ಡೆ ಬದುಕಿಯೇ ಇರುತ್ತದೆ. ಉಸಿರಾಡುತ್ತ ಶಾಖವನ್ನೂ ತೇವವನ್ನೂ ಹೊರಬಿಡುತ್ತದೆ. ಟನ್ನಿಗೂ ಮೀರಿದ ಗೆಡ್ಡೆಯನ್ನು ಗಾಳಿಯಾಡದಂತೆ ಮುಚ್ಚಿದರೆ ಅದು ತನ್ನ ಉಸಿರಿನಲ್ಲಿ ತಾನೇ ಬೇಯುತ್ತದೆ. ಟಾರ್ಪಾಲು ಎಂಬ ಮಾತಿನಲ್ಲಿರುವುದು ಹಡಗಿನವರು ದಪ್ಪ ಬಟ್ಟೆಗೆ ಬಳಿಯುತ್ತಿದ್ದ ಟಾರು. ಹತ್ತಿಯ ಕ್ಯಾನ್‌ವಾಸಿನಲ್ಲಿ ಅಷ್ಟಿಷ್ಟು ಗಾಳಿಯಾಡುತ್ತದೆ. ನಾನು ತಂದಿದ್ದ ಪ್ಲಾಸ್ಟಿಕ್ಕಿನದರಲ್ಲಿ ಅದೂ ಇಲ್ಲ.

ಕೊಟ್ಟಿಗೆಯ ಹಿಂದೆ ತಾತನ ಕಮಾನು ಗಾಡಿ ಮೂಕಿ ನೆಲಕ್ಕೂರಿ ನಿಂತಿತ್ತು. ಅಜ್ಜಿ ಮದುವೆಯಾಗಿ ಈ ಊರಿಗೆ ಬಂದದ್ದು ಆ ಗಾಡಿಯಲ್ಲಿ. ಬಿದಿರಿನ ಕಮಾನು, ಅದರ ಮೇಲೆ ಬಿದಿರಿನ ಚಾಪೆ. ಅಮೆರಿಕದ ವಲಸೆಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಪಡುವಣಕ್ಕೆ ಹೊರಟ ಗಾಡಿಗಳ ಚಿತ್ರವನ್ನು ಪುಸ್ತಕದಲ್ಲಿ ನೋಡಿದ್ದೆ. ಬಗ್ಗಿಸಿದ ಮರದ ಕಮಾನುಗಳ ಮೇಲೆ ಅಗಸೆಎಣ್ಣೆ ಸವರಿದ ಬಟ್ಟೆ. ಅದನ್ನು ನೋಡಿ ಮೆಚ್ಚಿದ ನಾನು, ಹುಟ್ಟಿದಾಗಿನಿಂದ ಕೊಟ್ಟಿಗೆಯಲ್ಲಿ ಕಾಣುತ್ತಿದ್ದ ಕಮಾನನ್ನು ಒಂದು ದಿನವೂ ನಿಂತು ನೋಡಿರಲಿಲ್ಲ.

“ಈ ಕಮಾನನ್ನೇ ತಗೊಂಡು ಪಿಕಪ್ಪಿಗೆ ಹಾಕ್ಲಾ ತಾತ?” ಎಂದೆ.

ತಾತನ ಮುಖ ಗಂಟಿಕ್ಕಿತು. “ಅಳತೆ ಬೇಕಾದ್ರೆ ತಗೊ. ಕಮಾನು ಮುಟ್ಟಬ್ಯಾಡ.”

ನಾನು ಕಾಗದ, ಪೆನ್ಸಿಲು ತಂದೆ. ಅಗಲ ಐದೂವರೆ ಅಡಿಯಾದರೆ ಅರ್ಧವೃತ್ತದ ಉದ್ದವೆಷ್ಟು? ಇಪ್ಪತ್ತೆರಡನ್ನು ಏಳರಿಂದ ಭಾಗಿಸಿ, ಗುಣಿಸಿ, ಎರಡು ಸಲ ತಪ್ಪಿ, ಕೊನೆಗೆ ಎಂಟಡಿ ಎಂಟಂಗುಲಕ್ಕೆ ತಂದೆ. ಅಷ್ಟರಲ್ಲಿ ತಾತ ನೆಲದ ಮೇಲೆ ಗೂಟ ಹೊಡೆದು, ಹಗ್ಗದಿಂದ ಗೆರೆ ಎಳೆದು, ಆ ಗೆರೆಯ ಮೇಲೆಯೇ ಹಗ್ಗ ಹಾಸಿ ತಂದು ನನ್ನ ಮುಂದಿಟ್ಟರು. ಅಳೆದು ನೋಡಿದೆ, ಎಂಟಡಿ ಎಂಟಂಗುಲ. ಬುಡದಲ್ಲಿ ಊರುವುದಕ್ಕೆ ಎರಡು ಕಡೆಯೂ ಒಂದೊಂದಡಿ ಸೇರಿಸಿ ಬಿದಿರು ಸೀಳಿದೆವು. ಬಿದಿರನ್ನು ವಾರಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟರೆ ಅದರ ಪಿಷ್ಟ ಕರಗಿಹೋಗಿ ಕುಟ್ಟೆಹುಳು ಕಡಿಮೆಯಾಗುತ್ತದೆ. ನಮಗೆ ಅಷ್ಟು ಸಮಯವಿರಲಿಲ್ಲ. ಕೆರೆಯಲ್ಲಿ ಎಂಟು ದಿನ ನೆನೆಹಾಕಿದ್ದಷ್ಟೆ.

ಬಗ್ಗಿಸುವ ಕೆಲಸವನ್ನು ತಾತ ನನಗೆ ಬಿಡಲಿಲ್ಲ. ಒಲೆಯ ಕೆಂಡದ ಮೇಲೆ ದಬ್ಬೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ, ಹಸಿ ಬಟ್ಟೆಯಿಂದ ಒರೆಸುತ್ತ, ಮಂಡಿಯ ಕೆಳಗಿಟ್ಟು ಒಂದೊಂದೇ ಗೇಣು ಒಲಿಸಿದರು. ಅವರಿಗೆ ಕಣ್ಣು ಅಷ್ಟಾಗಿ ಕಾಣದು. ಬಿದಿರು ಸೀಳುವ ಮೊದಲು ಮಾಡುವ ಸಣ್ಣ ಸದ್ದನ್ನು ಕೇಳಿ ಕೈ ಸಡಿಲಿಸುತ್ತಿದ್ದರು. ನಾನು ಬಗ್ಗಿಸಿದ್ದು ಒಂದೇ, ಅದು ಮುರಿಯಿತು. “ಓದಿದ ಕೈ,” ಎಂದು ತಾತ ನಕ್ಕರು. ಪಿಕಪ್ಪಿನ ಪಕ್ಕದಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ನನ್ನ ಆಂಗ್ಲರು ಪೂರ್ತಿ ವ್ಯರ್ಥವಾಗಲಿಲ್ಲ. ಚೌಕಟ್ಟನ್ನು ಕತ್ತರಿಸಿ ಎರಡು ಉದ್ದ ಪಟ್ಟಿ ಮಾಡಿಸಿ, ಅವಕ್ಕೆ ಗೇಣುದ್ದದ ಪೈಪಿನ ತುಂಡುಗಳನ್ನು ಬೆಸೆದೆವು. ಪಟ್ಟಿಗಳು ಬಾಡಿಯ ಒಳಮಗ್ಗುಲಲ್ಲಿ ಕೂರುತ್ತವೆ. ಅಂಚಿನ ಕೊಕ್ಕೆಗಳಿಗೆ ಹಗ್ಗ, ಮೇಲೆ ಮೂಟೆಗಳ ಭಾರ. ಪೈಪುಗಳಲ್ಲಿ ಐದು ಕಮಾನು, ಎರಡಡಿ ಮೂರಂಗುಲಕ್ಕೆ ಒಂದರಂತೆ. ಉದ್ದಕ್ಕೆ ಮೂರು ದಬ್ಬೆ. ಅದರ ಮೇಲೆ ಬಿದಿರಿನ ಚಾಪೆ, ಚಾಪೆಯ ಮೇಲೆ ಟಾರ್ಪಾಲು. ಚಾಪೆಯಿರುವುದರಿಂದ ಪ್ಲಾಸ್ಟಿಕ್ಕಿನ ಬೆವರು ನೇರವಾಗಿ ಮೂಟೆಯ ಮೇಲೆ ಬೀಳುವುದಿಲ್ಲ. ಪಕ್ಕಗಳಲ್ಲಿ ಟಾರ್ಪಾಲಿಗೂ ಬಾಡಿಗೂ ನಡುವೆ ನಾಲ್ಕು ಬೆರಳು ಸಂದು ಬಿಡಿಸಿದರು ತಾತ. ಮುಂದೆ ಒಂದು ಗೇಣು ಚಾಚು. ಹಿಂದೆ ನಾನು ತೆರೆದೇ ಬಿಡೋಣವೆಂದಿದ್ದೆ. ಓಡುವ ಗಾಡಿ ಹಿಂದಿನಿಂದ ದೂಳನ್ನೂ ಎರಚಲನ್ನೂ ಒಳಕ್ಕೆ ಸೆಳೆದುಕೊಳ್ಳುತ್ತದೆಂದು ಅಪ್ಪ ಹೇಳಿದರು. ಅದಕ್ಕೆ ಗೋಣಿತಾಟಿನ ಪರದೆ ಬಂತು. ಹೀಗೆ ಆ ಮುಚ್ಚಿಗೆಯ ವಿಷಯದಲ್ಲಿ ಅಪ್ಪನೂ ತಾತನೂ ನೇರವಾಗಿ ಮಾತನಾಡಿಕೊಂಡರು. ಎತ್ತು ಮಾರಿದ ಮೇಲೆ ಅವರ ಮಾತೆಲ್ಲ ಅವ್ವನ ಮೂಲಕವೇ ಸಾಗುತ್ತಿತ್ತು.

ಮುಂದಿನ ಲೋಡಿಗೂ ಮಳೆ ಬಂತು. ನೀರು ಕಮಾನಿನ ಬೆನ್ನಿನ ಮೇಲಿಂದ ಜಾರಿಹೋಯಿತು. ಮಂಡಿಯಲ್ಲಿ ಪರದೆ ಎತ್ತಿದಾಗ ಹಬೆ ಬರಲಿಲ್ಲ. ಮಣ್ಣಿನ ವಾಸನೆ ಬಂತು. ಹಿಂತುದಿಯ ಎರಡು ಮೂಟೆಗಳ ಮೇಲೆ ಎರಚಲು ಬಿದ್ದಿತ್ತು, ಅಷ್ಟೆ. ಇದು ಕುಂದಿಲ್ಲದ ಕೆಲಸವೆಂದು ನಾನು ಹೇಳುವುದಿಲ್ಲ. ವೇಗ ಹೆಚ್ಚಿದರೆ ಗಾಳಿಗೆ ಟಾರ್ಪಾಲು ಪಟಪಟ ಬಡಿಯುತ್ತದೆ. ಡೀಸೆಲ್ ಹೆಚ್ಚು ಹಿಡಿಯುತ್ತದೆಂದು ಅಪ್ಪನ ಗುಮಾನಿ. ಎಂಟೇ ದಿನ ನೆನೆದ ಬಿದಿರಿನಿಂದ ಈಗಾಗಲೇ ಹಿಟ್ಟಿನಂಥ ಪುಡಿ ಉದುರುತ್ತಿದೆ. ಬರುವ ವರ್ಷ ಎರಡು ಕಮಾನನ್ನಾದರೂ ಬದಲಿಸಬೇಕು. ಅವ್ವನ ಓಲೆ ಇನ್ನೂ ಬಿಡಿಸಿಕೊಂಡು ಬಂದಿಲ್ಲ.

ಭಾದ್ರಪದದ ಒಂದು ಸಂಜೆ ಗಾಡಿ ಅಂಗಳದಲ್ಲಿ ಖಾಲಿ ನಿಂತಿತ್ತು. ಸಣ್ಣಗೆ ಮಳೆ ಶುರುವಾಯಿತು. ತಾತ ನನ್ನನ್ನು ಕರೆದು “ವಸಿ ಕೈ ಕೊಡ್ಲಾ” ಎಂದರು. ಸರಕಿನ ಗಾಡಿಯಲ್ಲಿ ಜನ ಕೂರಬಾರದೆಂಬ ಕಾನೂನು ನನಗೆ ನೆನಪಾಯಿತು. ನಿಂತ ಗಾಡಿಯಲ್ಲವೇ ಎಂದು ಹತ್ತಿಸಿದೆ. ಒಳಗೆ ಗೋಣಿಯ ಮೇಲೆ ಕಾಲು ನೀಡಿ ಕುಳಿತರು. ಅಪ್ಪ ಜಗಲಿಯಿಂದ ನೋಡುತ್ತಿದ್ದರು. ಅವ್ವ ಕಾಫಿಯ ಲೋಟವನ್ನು ತಂದು ಬಾಡಿಯ ಹಿಂಬಾಗಿಲ ಮೇಲಿಟ್ಟು ಹೋದಳು. ಮಳೆ ಜೋರಾಯಿತು. ತಾತ ಬಹಳ ಹೊತ್ತು ಮಾತಾಡಲಿಲ್ಲ. ಕತ್ತಲಾಗುತ್ತ ಬಂದಾಗ ಇಳಿಸೋಣವೆಂದು ನಾನು ಹೋದೆ. ಅವರು ಅಂಗೈಯನ್ನು ಎಡಗಡೆಯ ಕೊನೆಯ ಕಮಾನಿನ ಕೆಳಗೆ ಚಾಚಿಕೊಂಡಿದ್ದರು.

“ಇಲ್ಲೊಂದು ಕಡೆ ತೊಟ್ಟಿಕ್ತದೆ ಕಣ್ಲಾ,” ಎಂದರು. “ನಿಮ್ಮಪ್ಪಂಗೆ ಹೇಳು, ನಾಳೆ ನಾನೂ ಅವನೂ ಸೇರಿ ತೇಪೆ ಹಾಕ್ತೀವಿ.”